ಪೆಪ್ಪರಮೆಂಟು ಡಬ್ಬಿಗೆ ಕನ್ನಡ ಬಾರದೇ?



ಈ ಲೇಖನ ಬರೆಯುವಾಗ ನನ್ನ ಮೇಜಿನ ಮೇಲೆ ಒಂದು ಪೆಪ್ಪರಮೆಂಟು ಡಬ್ಬಿ ಇದೆ. ನಗಬೇಡಿ. ನಾಡು, ನುಡಿ, ಗಡಿ, ನದಿ ಎಂದು ಗುಡುಗುವ ಪತ್ರಿಕೆಯಲ್ಲಿ ಇವನ್ಯಾರೋ ಪೆಪ್ಪರಮೆಂಟು ಹಿಡಿದುಕೊಂಡು ಬಂದನಲ್ಲ ಅನ್ನಬೇಡಿ. ನಾನು ಪ್ರಿಂಟಿಂಗ್ ಪ್ರೆಸ್ಸಿನವನು. ಓದಿದ್ದು ಪಿಯುಸಿ. ಅಪ್ಪನ ಕಾಲದಲ್ಲಿ ಮೊಳೆ ಜೋಡಿಸಿ, ಟ್ರೆಡಲ್ ತುಳಿದು ಮದುವೆ ಕಾರ್ಡು, ಕರಪತ್ರ ಅಚ್ಚು ಹಾಕುತ್ತಿದ್ದ ಜಾಗದಲ್ಲಿ ಈಗ ಆಫ್‌ಸೆಟ್ ಮೇಲೆ ರಟ್ಟಿನ ಡಬ್ಬಿ ಅಚ್ಚಾಗುತ್ತದೆ. ದೊಡ್ಡ ದೊಡ್ಡ ವಿಷಯ ದೊಡ್ಡವರು ಬರೆಯಲಿ. ನನಗೆ ಗೊತ್ತಿರುವುದು ಡಬ್ಬಿ. ಡಬ್ಬಿಯ ಮೇಲೆ ಏನಿದೆ, ಏನಿಲ್ಲ, ಯಾಕಿಲ್ಲ ಅನ್ನುವುದು ನಿಮಗಿಂತ ಚೆನ್ನಾಗಿ ನನಗೆ ಗೊತ್ತು. ಯಾಕೆಂದರೆ ಅದನ್ನು ಅಚ್ಚು ಹಾಕಿದವನು ನಾನೇ.

ಈ ಡಬ್ಬಿ ಮಾಮೂಲಿ ಡಬ್ಬಿಯಲ್ಲ. ಒಳಗಿನ ಹನ್ನೆರಡು ಪೆಪ್ಪರಮೆಂಟು ಖಾಲಿಯಾದ ಮೇಲೆ ಡಬ್ಬಿಯನ್ನು ಬಿಚ್ಚಬೇಕು. ಗೀರು ಬಿದ್ದ ಕಡೆ ಹೆಬ್ಬೆರಳಲ್ಲಿ ಒತ್ತಿ ಚಕ್ರಗಳನ್ನು ಬಿಡಿಸಬೇಕು. ಚುಕ್ಕೆ ಗೆರೆಯ ಮೇಲೆ ಮಡಚಿ, ನಾಲಿಗೆಯನ್ನು ಸೀಳಿಗೆ ಸಿಕ್ಕಿಸಿದರೆ ಒಂದು ಕೆಂಪು ಬಸ್ಸಾಗುತ್ತದೆ. ಕಿಟಕಿಯಲ್ಲಿ ಆನೆ, ಕರಡಿ, ಮಂಗ. ಡ್ರೈವರ್ ಸೀಟಿನಲ್ಲಿ ಮೊಲ. ಅಂಗಡಿಯಲ್ಲಿ ಪುಟ್ಟ ಮಕ್ಕಳು ಅಪ್ಪನ ಪ್ಯಾಂಟು ಜಗ್ಗಿ ಕೇಳುವುದು ಪೆಪ್ಪರಮೆಂಟಿಗಾಗಿ ಅಲ್ಲ, ಈ ಬಸ್ಸಿಗಾಗಿ. ವ್ಯಾಪಾರದ ಗುಟ್ಟೇ ಅದು.

ಬಸ್ಸು ಮಾಡುವುದು ಹೇಗೆ ಅಂತ ಡಬ್ಬಿಯ ಹಿಂಬದಿಯಲ್ಲಿ ಆರು ಹಂತ ಕೊಟ್ಟಿದ್ದಾರೆ. ಮೇಲೆ ಇಂಗ್ಲಿಷಿನಲ್ಲಿ. ಕೆಳಗೆ ಹಿಂದಿಯಲ್ಲಿ. ಬಸ್ಸಿನ ಹಣೆಯ ಮೇಲಿನ ಬೋರ್ಡು ಕೂಡ ಇಂಗ್ಲಿಷೇ. ಕನ್ನಡ ಎಲ್ಲಿದೆ ಅಂತ ಭೂತಗನ್ನಡಿ ಹಿಡಿದು ಹುಡುಕಿ. ಸಿಗುವುದಿಲ್ಲ. ಈ ಪೆಪ್ಪರಮೆಂಟು ತಯಾರಾಗುವುದು ಬಾಂಬೆಯಲ್ಲಲ್ಲ, ದೆಹಲಿಯಲ್ಲಲ್ಲ. ನನ್ನ ಪ್ರೆಸ್ಸಿನಿಂದ ಆಟೋದಲ್ಲಿ ಮುಕ್ಕಾಲು ಗಂಟೆ ದೂರದ ಶೆಡ್ಡಿನಲ್ಲಿ. ಮಾರಾಟವಾಗುವುದು ತುಮಕೂರು, ಮಂಡ್ಯ, ಹಾಸನದ ಬಸ್ ಸ್ಟ್ಯಾಂಡು, ಹಳ್ಳಿಯ ಚಿಲ್ಲರೆ ಅಂಗಡಿಗಳಲ್ಲಿ. ತಯಾರಿಸುವವರು ಕನ್ನಡದ ಹೆಣ್ಣುಮಕ್ಕಳು, ಅಚ್ಚು ಹಾಕುವವನು ಕನ್ನಡದವನು, ಮಾರುವವನು ಕನ್ನಡದವನು, ತಿನ್ನುವುದು ಕನ್ನಡದ ಮಗು. ಡಬ್ಬಿಗೆ ಮಾತ್ರ ಕನ್ನಡ ಬಾರದು!

ಕಂಪನಿಯ ಹೆಸರು ಹೇಳುವುದಿಲ್ಲ. ಒಬ್ಬನ ಹೆಸರು ಹೇಳಿದರೆ ಉಳಿದವರೆಲ್ಲ ಹರಿಶ್ಚಂದ್ರರು ಎಂದಾಗಿಬಿಡುತ್ತದೆ.

ಜಾಗ ಇಲ್ಲವಂತೆ!

ಕೆಲಸ ಬಂದ ದಿನವೇ ಕೇಳಿದೆ. ಮಾರ್ಕೆಟಿಂಗ್ ನೋಡಿಕೊಳ್ಳುವ ಹುಡುಗ ಡಿಸೈನ್ ಹಿಡಿದು ಬಂದಿದ್ದ. ನಮ್ಮ ಕಡೆಯವನೇ, ಕನ್ನಡದಲ್ಲೇ ಮಾತಾಡಿದ.

"ಕನ್ನಡ ಎಲ್ಲಪ್ಪಾ?" ಅಂದೆ.

"ಸ್ಪೇಸ್ ಇಲ್ಲ ಸರ್" ಅಂದ.

ಸ್ಕೇಲು ತೆಗೆದುಕೊಂಡು ಅಳೆದೆ. ಡಬ್ಬಿಯ ತಳಭಾಗ ಒಂಬತ್ತು ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ಅಗಲ. ಅಷ್ಟು ಜಾಗದಲ್ಲಿ ಇದ್ದದ್ದು ಒಂದು ಹಳದಿ ನಕ್ಷತ್ರ ಮತ್ತು 'ಫನ್ ಅನ್‌ಲಿಮಿಟೆಡ್' ಅನ್ನುವ ಎರಡು ಇಂಗ್ಲಿಷ್ ಪದ. ಆ ಜಾಗದಲ್ಲಿ ಆರು ಸಾಲು ಕನ್ನಡ ಆರಾಮಾಗಿ ಕೂರುತ್ತದೆ, ನಕ್ಷತ್ರವೂ ಮೂಲೆಯಲ್ಲಿ ಉಳಿಯುತ್ತದೆ. ತೋರಿಸಿದೆ. ಆಗ ಹುಡುಗ ಎರಡನೇ ಬಾಣ ಬಿಟ್ಟ: ಖರ್ಚು ಜಾಸ್ತಿ ಆಗುತ್ತದೆ. ಪ್ರೆಸ್ಸಿನವನಿಗೇ ಪ್ರೆಸ್ಸಿನ ಖರ್ಚು ಹೇಳಿಕೊಡುತ್ತಾನೆ ನೋಡಿ!

ತರುಣರೇ, ಇದನ್ನು ನೀವು ತಿಳಿದುಕೊಳ್ಳಬೇಕು. ನಾಳೆ ಯಾವ ಮ್ಯಾನೇಜರ್ ಆದರೂ ನಿಮ್ಮ ಕಿವಿಗೆ ಇದೇ ಹೂ ಇಡಬಹುದು. ಡಬ್ಬಿಯ ಮೇಲಿನ ಬಣ್ಣವೆಲ್ಲ ನಾಲ್ಕು ಪ್ಲೇಟಿನಿಂದ ಬರುತ್ತದೆ: ನೀಲಿ, ಕೆಂಪು, ಹಳದಿ, ಕಪ್ಪು. ಅಕ್ಷರಗಳೆಲ್ಲ ಸಾಮಾನ್ಯವಾಗಿ ಕಪ್ಪು ಪ್ಲೇಟಿನಲ್ಲೇ ಇರುತ್ತವೆ. ಡಿಸೈನ್ ಮಾಡುವಾಗಲೇ ಕನ್ನಡದ ಸಾಲು ಸೇರಿಸಿದರೆ ಹೆಚ್ಚುವರಿ ಪ್ಲೇಟೂ ಬೇಡ, ಹೆಚ್ಚುವರಿ ಇಂಪ್ರೆಷನ್ನೂ ಬೇಡ. ಅಚ್ಚಿನ ಖರ್ಚು ಸೊನ್ನೆ. ಪ್ಲೇಟುಗಳೆಲ್ಲ ತಯಾರಾದ ಮೇಲೆ ಜ್ಞಾನೋದಯವಾಯಿತು ಅಂತಿಟ್ಟುಕೊಳ್ಳಿ. ಆಗಲೂ ಕಪ್ಪು ಪ್ಲೇಟು ಒಂದನ್ನೇ ಹೊಸದು ಮಾಡಿದರೆ ಸಾಕು. ನನ್ನ ಮಷಿನ್ನಿನ ಅಳತೆಯ ಪ್ಲೇಟಿಗೆ ನಾನು ಹಾಕುವುದು ನಾನೂರು ರೂಪಾಯಿ. ಆ ಆರ್ಡರು ನಲವತ್ತು ಸಾವಿರ ಡಬ್ಬಿಯದು. ಭಾಗಿಸಿ ನೋಡಿ. ಡಬ್ಬಿಗೆ ಒಂದು ಪೈಸೆ! ಕನ್ನಡದ ಮಗುವಿಗೆ ಒಂದು ಪೈಸೆಯ ಮರ್ಯಾದೆ ಕೊಡಲು ಇವರ ಕೈ ನಡುಗುತ್ತದೆ.

ಪ್ಲಾಸ್ಟಿಕ್ ಹಾಳೆಯ ಪೊಟ್ಟಣದ ಲೆಕ್ಕ ಬೇರೆ, ಅದನ್ನೂ ಹೇಳಿಬಿಡುತ್ತೇನೆ. ಅದರಲ್ಲಿ ಹೆಚ್ಚಿನದು ಗ್ರಾವೂರ್ ಮಷಿನ್ನಿನಲ್ಲಿ ಅಚ್ಚಾಗುತ್ತದೆ. ತಾಮ್ರದ ಮೈಯ ಸಿಲಿಂಡರಿನ ಮೇಲೆ ಅಕ್ಷರ ಕೊರೆಯಬೇಕು, ಅದಕ್ಕೆ ಸಾವಿರಗಟ್ಟಲೆ ರೂಪಾಯಿ. ಆದರೆ ಆ ಸಿಲಿಂಡರು ಲಕ್ಷಗಟ್ಟಲೆ ಪೊಟ್ಟಣಕ್ಕೆ ಬರುತ್ತದೆ. ಕೊನೆಗೆ ಲೆಕ್ಕ ಹಾಕಿದರೆ ಅಲ್ಲೂ ಅದೇ ಪುಡಿಗಾಸು.

ಖರ್ಚಿನ ನೆಪವೂ ಹೋಯಿತು. ಆಗ ಆ ಹುಡುಗನ ಬಾಯಿಂದ ನಿಜ ಹೊರಗೆ ಬಂತು. "ನಮ್ಮ ಟಾರ್ಗೆಟ್ ಇಂಗ್ಲಿಷ್ ಮೀಡಿಯಂ ಮಕ್ಕಳು ಸರ್. ಕನ್ನಡ ಹಾಕಿದರೆ ಪ್ರಾಡಕ್ಟ್ ಲೋಕಲ್ ಥರ ಕಾಣುತ್ತೆ."

ಲೋಕಲ್ ಥರ ಕಾಣುತ್ತದಂತೆ! ಈ ನೆಲದಲ್ಲಿ ತಯಾರಾಗಿ ಈ ನೆಲದಲ್ಲೇ ಮಾರಾಟವಾಗುವ ಪೆಪ್ಪರಮೆಂಟು ಲೋಕಲ್ ಥರ ಕಾಣಬಾರದಂತೆ! ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ತಲೆಗೆ ಇದನ್ನು ತುಂಬಿದವರ ಮೇಲೆ ಬಂತು.

ಮೂರನೇ ಕ್ಲಾಸಿನ ಹುಡುಗಿಯ ತೀರ್ಪು

ನನ್ನ ಮಷಿನ್‌ಮನ್ ಮಗಳು ಸರ್ಕಾರಿ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಪ್ರೆಸ್ಸಿಗೆ ಬಂದು ಕತ್ತರಿಸಿ ಉಳಿದ ಬಣ್ಣದ ಕಾಗದ ಆರಿಸಿಕೊಳ್ಳುತ್ತಾಳೆ. ಅವಳ ಕೈಗೆ ಪಂಚಿಂಗ್ ಆಗಿ ಬಂದ ಒಂದು ಡಬ್ಬಿ ಕೊಟ್ಟೆ. "ಬಸ್ಸು ಮಾಡು ನೋಡೋಣ ಪುಟ್ಟಿ" ಅಂದೆ.

ಚಿತ್ರ ನೋಡಿದಳು. ಮಡಚಿದಳು. ಎರಡನೇ ಹಂತದಲ್ಲಿ ಹಿಂದಕ್ಕೆ ಮಡಚಬೇಕಾದ್ದನ್ನು ಮುಂದಕ್ಕೆ ಮಡಚಿದಳು. ಬಾಣದ ಗುರುತು ಇತ್ತು, ಆದರೆ ಆ ಬಾಣ ಹಿಂದಕ್ಕೆ ಅನ್ನುತ್ತದೋ ಮುಂದಕ್ಕೆ ಅನ್ನುತ್ತದೋ ದೊಡ್ಡವನಾದ ನನಗೇ ಗೊಂದಲ. ಅದು ಹೇಗೆ ಎಂದು ಇಂಗ್ಲಿಷ್ ಸಾಲು ಹೇಳುತ್ತದೆ, ಹಿಂದಿ ಸಾಲು ಹೇಳುತ್ತದೆ. ನಾಲ್ಕನೇ ಹಂತಕ್ಕೆ ನಾಲಿಗೆ ಹರಿದುಹೋಯಿತು. ಹುಡುಗಿ ಹರಿದ ತುಂಡು ಕೈಯಲ್ಲಿ ಹಿಡಿದು, "ನಂಗೆ ಬರಲ್ಲ ಮಾಮ, ಇದು ಇಂಗ್ಲಿಷ್ ಶಾಲೆಯವರದ್ದು" ಅಂದಳು.

ಆ ಮಾತು ಕೇಳಿ ನಾನು ಮಷಿನ್ ನಿಲ್ಲಿಸಿದೆ. ಉತ್ಪ್ರೇಕ್ಷೆ ಅಲ್ಲ, ನಿಜವಾಗಿ ನಿಲ್ಲಿಸಿದೆ. ಎಂಟು ವರ್ಷದ ಮಗು ತನಗೆ ಮಡಚಲು ಬರುವುದಿಲ್ಲ ಅಂದುಕೊಂಡಿತು. ಅವಳ ಕೈ ಸರಿಯಾಗೇ ಇದೆ, ಬುದ್ಧಿ ಚುರುಕಾಗೇ ಇದೆ. ಅವಳ ಭಾಷೆ ಆ ರಟ್ಟಿನ ಮೇಲೆ ಇರಲಿಲ್ಲ, ಅಷ್ಟೇ. ಆದರೆ ಅವಳಿಗೆ ಹಾಗೆ ಅನಿಸಲಿಲ್ಲ. ತನ್ನಲ್ಲೇ ಕೊರತೆ ಇದೆ ಅನಿಸಿತು.

ಡಿಟಿಪಿ ಕಂಪ್ಯೂಟರಿನ ಮುಂದೆ ಕೂತು ಆರು ಸಾಲು ಬರೆದೆ. 'ಡಬ್ಬಿಯ ಅಂಟು ಬಿಡಿಸಿ ಚಪ್ಪಟೆ ಮಾಡು. ಚಕ್ರಗಳನ್ನು ಮೆಲ್ಲಗೆ ಒತ್ತಿ ಬಿಡಿಸು. ಚುಕ್ಕೆ ಗೆರೆಯ ಮೇಲೆ ಹಿಂದಕ್ಕೆ ಮಡಚು. ನೇರ ಗೆರೆಯ ಮೇಲೆ ಮುಂದಕ್ಕೆ ಮಡಚು. ನಾಲಿಗೆಯನ್ನು ಸೀಳಿನೊಳಗೆ ತೂರಿಸು. ಇಗೋ ಬಸ್ಸು, ರೈಟ್!' ಪ್ರಿಂಟ್ ತೆಗೆದು ಇನ್ನೊಂದು ಡಬ್ಬಿಯ ಜೊತೆ ಕೊಟ್ಟೆ. ಹುಡುಗಿ ಬಾಯಿಬಿಟ್ಟು ಓದುತ್ತಾ, ಓದಿದ್ದನ್ನು ಮಾಡುತ್ತಾ ಹೋದಳು. ಚಹಾ ಬರುವಷ್ಟರಲ್ಲಿ ಬಸ್ಸು ತಯಾರು. ಕೊನೆಯ ಸಾಲಿನ 'ರೈಟ್' ಅನ್ನು ಮಾತ್ರ ಕಂಡಕ್ಟರ್ ಥರ ಕಿರುಚಿದಳು. ಪೇಪರ್ ಕಟಿಂಗ್ ಮಷಿನ್ನಿನ ಮೇಲೆ ಆ ಬಸ್ಸು ಇನ್ನೂ ನಿಂತಿದೆ.

ಅವಳಿಗೆ ಓದು ಅಂತ ಯಾರೂ ಹೇಳಲಿಲ್ಲ, ಪರೀಕ್ಷೆಗೂ ಅಲ್ಲ. ಬಸ್ಸು ಬೇಕಿತ್ತು, ಅದಕ್ಕೆ ಓದಿದಳು. ಮಗು ತಾನಾಗಿ ಬೇಕೆಂದು ಓದುವ ಮೊದಲ ಅಕ್ಷರ ಪಾಠದ ಪುಸ್ತಕದ್ದಲ್ಲ. ಬಿಸ್ಕತ್ತು ಪೊಟ್ಟಣದ್ದು, ಬಸ್ಸಿನ ಬೋರ್ಡಿನದ್ದು, ಮಿಠಾಯಿ ಡಬ್ಬಿಯದ್ದು. ಆ ಜಾಗದಲ್ಲೆಲ್ಲ ಇಂಗ್ಲಿಷು, ಹಿಂದಿ ತುಂಬಿಸಿ, ಆಮೇಲೆ 'ಮಕ್ಕಳು ಕನ್ನಡ ಓದುವುದಿಲ್ಲ' ಅಂತ ನವೆಂಬರ್ ತಿಂಗಳಲ್ಲಿ ವೇದಿಕೆ ಹತ್ತಿ ಕಣ್ಣೀರು ಹಾಕುವ ಮಹನೀಯರಿಗೆ ಏನನ್ನಬೇಕು?

ಬೆಂಕಿಪೊಟ್ಟಣದ ರೈಲು ಯಾವ ಭಾಷೆಯಲ್ಲಿತ್ತು?

ಕೆಲವರು ಕೇಳುತ್ತಾರೆ: ನಾವೆಲ್ಲ ಸಣ್ಣವರಿದ್ದಾಗ ಬೆಂಕಿಪೊಟ್ಟಣದಲ್ಲಿ ರೈಲು ಮಾಡಲಿಲ್ಲವೇ? ಪೊಟ್ಟಣದ ಮೇಲೆ ಕನ್ನಡ ಇತ್ತೇ? ಸೋಡಾ ಮುಚ್ಚಳ ಜಜ್ಜಿ, ಎರಡು ತೂತು ಕೊರೆದು, ದಾರ ಪೋಣಿಸಿ ಗುಂಯ್ ಅನ್ನಿಸಲಿಲ್ಲವೇ? ಪೆಪ್ಪರಮೆಂಟಿನ ಬಣ್ಣದ ಕಾಗದವನ್ನು ನಡುವೆ ತಿರುಚಿ ಲಂಗ ಹಾಕಿದ ಬೊಂಬೆ ಮಾಡಲಿಲ್ಲವೇ? ಅದೇ ಕಾಗದ ಕಣ್ಣಿಗೆ ಹಿಡಿದು ಊರನ್ನೆಲ್ಲ ಕೆಂಪಗೆ ನೋಡಲಿಲ್ಲವೇ?

ಮಾಡಿದೆವು. ಆದರೆ ಹೇಗೆ ಮಾಡುವುದು ಅಂತ ಹೇಳಿಕೊಟ್ಟವರು ಯಾರು? ಅಕ್ಕ. ಪಕ್ಕದ ಮನೆಯ ಅಣ್ಣ. ಕಟ್ಟೆಯ ಮೇಲೆ ಕೂತ ತಾತ. 'ಹಿಂಗಲ್ಲ ಕಣೋ ದಡ್ಡ, ಹಿಂಗೆ ಮಡಚು' ಅಂತ ತಲೆಗೊಂದು ಮೊಟಕಿ ಕನ್ನಡದಲ್ಲಿ ಹೇಳಿಕೊಟ್ಟರು. ಪೊಟ್ಟಣಕ್ಕೆ ಭಾಷೆ ಬೇಕಿರಲಿಲ್ಲ, ಆಟಕ್ಕೆ ಕನ್ನಡ ಇತ್ತು. ಈಗ ಅಣ್ಣನೂ ಇಲ್ಲ, ತಾತನೂ ಇಲ್ಲ. ಅಣ್ಣ ಟ್ಯೂಷನ್ನಿಗೆ ಹೋಗಿದ್ದಾನೆ, ತಾತ ಊರಲ್ಲಿದ್ದಾರೆ. ಹೇಳಿಕೊಡುವ ಕೆಲಸವನ್ನು ಡಬ್ಬಿಯೇ ವಹಿಸಿಕೊಂಡಿದೆ. ಹೇಳಿಕೊಡುವ ಅಣ್ಣನ ಜಾಗಕ್ಕೆ ಬಂದ ಡಬ್ಬಿ ಅಣ್ಣನ ಭಾಷೆಯಲ್ಲೇ ಮಾತಾಡಬೇಕಲ್ಲವೇ?

ಬಿಸಾಡುವ ವಸ್ತುವಿನಿಂದ ಆಟಿಕೆ ಮಾಡುವುದನ್ನೇ ಬದುಕಿನ ಕೆಲಸ ಮಾಡಿಕೊಂಡವರು ಅರವಿಂದ ಗುಪ್ತಾ. ಕಾನ್ಪುರದ ಐಐಟಿಯಲ್ಲಿ ಓದಿದ ಎಂಜಿನಿಯರು. 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳಿಗೆ ಹೋಗಿ ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡು ಸೇರಿಸಿ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳ ವಿಡಿಯೊ ಕನ್ನಡದಲ್ಲೂ ಸಿಗುತ್ತವೆ. ಲಾಭದ ಆಸೆ ಇಲ್ಲದವರಿಗೆ ಕನ್ನಡ ನೆನಪಾಗುತ್ತದೆ. ನಮ್ಮ ಮಕ್ಕಳ ಜೇಬಿನಿಂದ ಹತ್ತು ಹತ್ತು ರೂಪಾಯಿ ಎಣಿಸಿಕೊಳ್ಳುವವರಿಗೆ ನೆನಪಾಗುವುದಿಲ್ಲ!

ಜಪಾನಿನ ಕೊಕ್ಕರೆ

ಹೊರಗಿನವರು ಏನು ಮಾಡುತ್ತಾರೆ ನೋಡಿ. 2019ರಲ್ಲಿ ಜಪಾನಿನಲ್ಲಿ ನೆಸ್ಲೆ ಕಂಪನಿ ತನ್ನ ಕಿಟ್‌ಕ್ಯಾಟ್ ಚಾಕಲೇಟಿನ ದೊಡ್ಡ ಪೊಟ್ಟಣದ ಹೊರಗಿನ ಪ್ಲಾಸ್ಟಿಕ್ ತೆಗೆದು ಕಾಗದ ಹಾಕಿತು. ಪೊಟ್ಟಣ ಬಿಸಾಡಬೇಡಿ, ಒರಿಗಾಮಿ ಕೊಕ್ಕರೆ ಮಡಚಿ ಎಂದು ಅದರ ಮೇಲೇ ತೋರಿಸಿಕೊಟ್ಟಿತು. ವರ್ಷಕ್ಕೆ ಸುಮಾರು 380 ಟನ್ ಪ್ಲಾಸ್ಟಿಕ್ ಉಳಿಯುತ್ತದೆಂದು ಅಂದಾಜು ಮಾಡಿದ್ದರು. ಕೊಕ್ಕರೆ ಯಾಕೆ? ಜಪಾನೀಯರಿಗೆ ಕಾಗದದ ಕೊಕ್ಕರೆ ಅಂದರೆ ಹಾರೈಕೆ. ಕಾಯಿಲೆಯವರಿಗೆ, ಪರೀಕ್ಷೆ ಬರೆಯುವವರಿಗೆ ಮಡಚಿ ಕೊಡುತ್ತಾರೆ. ಹಿರೋಶಿಮಾದ ಬಾಂಬಿನ ವಿಕಿರಣದಿಂದ ಕಾಯಿಲೆ ಬಿದ್ದು 1955ರಲ್ಲಿ ತೀರಿಕೊಂಡ ಬಾಲಕಿ ಸಡಾಕೊ ಸಸಾಕಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಡಚಿದ್ದು ಇವೇ ಕೊಕ್ಕರೆಗಳನ್ನು.

ಇನ್ನೊಂದು ಸ್ವಾರಸ್ಯ. ಕಿಟ್‌ಕ್ಯಾಟ್ ಅನ್ನುವ ಹೆಸರು ಜಪಾನೀಯರ ಕಿವಿಗೆ 'ಕಿತ್ತೊ ಕಾತ್ಸು' ಅಂತ ಕೇಳುತ್ತದೆ. ಅಂದರೆ ಖಂಡಿತ ಗೆಲ್ಲುತ್ತೀಯ. ಅದಕ್ಕೇ ಪರೀಕ್ಷೆಗೆ ಹೊರಟ ಮಕ್ಕಳಿಗೆ ಅದನ್ನು ಕೊಡುವ ರೂಢಿ ಬೆಳೆಯಿತು. ಸ್ವಿಟ್ಜರ್‌ಲೆಂಡಿನ ಕಂಪನಿ, ಇಂಗ್ಲೆಂಡಿನಲ್ಲಿ ಹುಟ್ಟಿದ ಚಾಕಲೇಟು, ಜಪಾನಿಗೆ ಹೋದಾಗ ಜಪಾನೀಯರ ಭಾಷೆಯ ಮುಂದೆ ಮಂಡಿಯೂರಿತು. ಪ್ರೀತಿಯಿಂದ ಅಲ್ಲ, ವ್ಯಾಪಾರಕ್ಕೆ! ಅಲ್ಲಿನ ಗಿರಾಕಿ ತನ್ನ ಭಾಷೆ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಅದಕ್ಕೆ ಅವನ ಪೊಟ್ಟಣ ಅವನ ಭಾಷೆ ಮಾತಾಡುತ್ತದೆ. ನಾವು ಒಪ್ಪುತ್ತೇವೆ. ಅದಕ್ಕೆ ನಮ್ಮ ಪೊಟ್ಟಣ ಮೂಕ.

'ಜಪಾನು ಸ್ವತಂತ್ರ ದೇಶ ಸ್ವಾಮಿ, ನಾವು ಒಂದು ರಾಜ್ಯ' ಅನ್ನುವ ಬುದ್ಧಿವಂತರು ಇದ್ದಾರೆ. ಅವರಿಗೆ ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯ ತೋರಿಸುತ್ತೇನೆ. ಅದೂ ನಮ್ಮಂತೆ ಒಂದು ಒಕ್ಕೂಟದ ಒಳಗಿನ ರಾಜ್ಯವೇ. ಸುತ್ತಲೂ ಇಂಗ್ಲಿಷ್ ಸಮುದ್ರ, ನಡುವೆ ಫ್ರೆಂಚ್ ಮಾತಾಡುವ ಜನ. ಜನಸಂಖ್ಯೆ ಒಂದು ಕೋಟಿಯೂ ಇಲ್ಲ. 1977ರಲ್ಲಿ ಅವರು ತಮ್ಮ ಭಾಷೆಗೆ ಒಂದು ಕಾಯಿದೆ ಮಾಡಿಕೊಂಡರು. ಅದರ 51ನೇ ಕಲಮಿನ ಪ್ರಕಾರ ಸರಕಿನ ಮೇಲೆ, ಅದರ ಪೊಟ್ಟಣದ ಮೇಲೆ, ಜೊತೆಗಿರುವ ಸೂಚನೆಯ ಚೀಟಿಯ ಮೇಲೆ ಫ್ರೆಂಚ್ ಇರಲೇಬೇಕು. 54ನೇ ಕಲಮು ಆಟಿಕೆಗಳಿಗೆಂದೇ ಇದೆ! ಆಡಲು ಬೇರೆ ಭಾಷೆಯ ಪದಗಳು ಬೇಕಾಗುವ ಆಟಿಕೆಯನ್ನು, ಅದರ ಫ್ರೆಂಚ್ ರೂಪ ಮಾರುಕಟ್ಟೆಯಲ್ಲಿ ಸಿಗದಿದ್ದರೆ, ಕ್ವಿಬೆಕ್‌ನಲ್ಲಿ ಮಾರುವಂತಿಲ್ಲ. ಮಕ್ಕಳ ಆಟದ ಭಾಷೆಗಾಗಿ ಕಾನೂನಿನಲ್ಲಿ ಪ್ರತ್ಯೇಕ ಕಲಮು ಬರೆದುಕೊಂಡ ಜನ ಅವರು. ಯುರೋಪಿನಲ್ಲಿ ಎಸ್ಟೋನಿಯಾ ಅಂತ ಒಂದು ದೇಶ ಇದೆ, ಜನಸಂಖ್ಯೆ ಹದಿನಾಲ್ಕು ಲಕ್ಷದೊಳಗೆ. ತಿನಿಸಿನ ಪೊಟ್ಟಣದ ಮೇಲಿನ ಕಡ್ಡಾಯ ಮಾಹಿತಿ ಮಾರುವ ಜಾಗದ ಗಿರಾಕಿಗೆ ಸುಲಭವಾಗಿ ತಿಳಿಯುವ ಭಾಷೆಯಲ್ಲಿರಬೇಕು ಎಂದು ಯುರೋಪ್ ಒಕ್ಕೂಟದ 2011ರ ನಿಯಮ ಹೇಳುತ್ತದೆ. ಹದಿನಾಲ್ಕು ಲಕ್ಷ ಜನರ ಭಾಷೆಗೆ ಪೊಟ್ಟಣದ ಮೇಲೆ ಜಾಗ ಸಿಗುತ್ತದೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು 4 ಕೋಟಿ 37 ಲಕ್ಷ. ನಮಗೆ ಸ್ಪೇಸ್ ಇಲ್ಲ!

ಕಾನೂನಿನ ಕಣ್ಣಾಮುಚ್ಚಾಲೆ

ನಮ್ಮಲ್ಲಿ ಕಾನೂನು ಏನನ್ನುತ್ತದೆ? ಕೇಂದ್ರದ ಎರಡು ನಿಯಮ ಮುಖ್ಯ. ಒಂದು, ಪೊಟ್ಟಣದ ಸರಕುಗಳ ಬಗ್ಗೆ 2011ರ ಕಾನೂನು ಮಾಪನ ನಿಯಮ. ಇನ್ನೊಂದು, ಆಹಾರದ ಲೇಬಲ್ ಬಗ್ಗೆ 2020ರ ನಿಯಮ. ಎರಡೂ ಹೇಳುವುದು ಒಂದೇ: ಕಡ್ಡಾಯ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆಯನ್ನು ಜೊತೆಗೆ ಬೇಕಾದರೆ ಹಾಕಿಕೊಳ್ಳಿ, ಅಡ್ಡಿಯಿಲ್ಲ.

ಇದರ ಅರ್ಥ ಏನು ಗೊತ್ತೇ? ಕರ್ನಾಟಕದಲ್ಲಿ ತಯಾರಿಸಿ, ಕರ್ನಾಟಕದಲ್ಲೇ ಮಾರುವ ಪೆಪ್ಪರಮೆಂಟಿನ ಮೇಲಿನ ವಿವರವೆಲ್ಲ ಕನ್ನಡದಲ್ಲಿ ಮಾತ್ರ ಇದ್ದರೆ ಕೇಂದ್ರದ ನಿಯಮದ ಪ್ರಕಾರ ಅದು ತಪ್ಪು. ಕನ್ನಡ ಒಂದಕ್ಷರ ಇಲ್ಲದಿದ್ದರೆ ಅದೇ ನಿಯಮದ ಪ್ರಕಾರ ಸರಿ! ಮನೆಯ ಯಜಮಾನನಿಗೆ ಜಗಲಿಯಲ್ಲಿ 'ಬೇಕಾದರೆ ಕೂತುಕೋ, ಅಡ್ಡಿಯಿಲ್ಲ' ಅಂದಹಾಗೆ.

ಆದರೆ ನಮ್ಮ ಕೈಯಲ್ಲಿ ಈಗ ಒಂದು ಆಯುಧ ಇದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಬೇರೆ ಭಾಷೆಯ ಜೊತೆಗೆ ಕನ್ನಡದಲ್ಲೂ ಹೆಸರು ಮತ್ತು ಬಳಕೆಯ ಸೂಚನೆ ಇರಬೇಕು ಎನ್ನುತ್ತದೆ ಅದು. 2025ರ ಫೆಬ್ರವರಿಯಲ್ಲಿ ಸರ್ಕಾರ ಇದೇ ಮಾತನ್ನು ಮತ್ತೆ ಆದೇಶ ಮಾಡಿ ಹೇಳಿತು. 'ಬಳಕೆಯ ಸೂಚನೆ' ಅನ್ನುವ ಎರಡು ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಪೆಪ್ಪರಮೆಂಟು ತಿನ್ನುವುದಕ್ಕೆ ಸೂಚನೆ ಬೇಡ, ಬಾಯಿಗೆ ಹಾಕಿಕೊಂಡರಾಯಿತು. ಆದರೆ ಡಬ್ಬಿಯನ್ನು ಆಟಿಕೆ ಎಂದು ಮಾರುತ್ತಿದ್ದೀರಿ, ಮುಂದಿನ ಮೈಯಲ್ಲೇ ಅದನ್ನು ದಪ್ಪಕ್ಷರದಲ್ಲಿ ಸಾರುತ್ತಿದ್ದೀರಿ. ಹಾಗಾದರೆ ಅದನ್ನು ಹೇಗೆ ಮಡಚುವುದು ಅನ್ನುವುದು ಬಳಕೆಯ ಸೂಚನೆಯಲ್ಲದೆ ಮತ್ತೇನು? ನಾನು ವಕೀಲನಲ್ಲ. ಆದರೆ ಈ ಪ್ರಶ್ನೆಯನ್ನು ಅಧಿಕಾರಿಗಳ ಮೇಜಿನ ಮೇಲೆ ಇಡಲು ವಕೀಲಿಕೆ ಬೇಕಿಲ್ಲ. ಹೊರ ರಾಜ್ಯದಲ್ಲಿ ತಯಾರಾಗಿ ಬರುವ ಡಬ್ಬಿಯನ್ನು ಈ ಮಾತು ಮುಟ್ಟುವುದಿಲ್ಲ, ಅದು ದೊಡ್ಡ ಕಿಂಡಿ. ಆ ಕಿಂಡಿ ಮುಚ್ಚಬೇಕಾದರೆ ದೆಹಲಿಯ ನಿಯಮವೇ ಬದಲಾಗಬೇಕು.

ಅಷ್ಟೇ ಅಲ್ಲ, ಇದರಲ್ಲಿ ಪ್ರಾಣದ ಪ್ರಶ್ನೆಯೂ ಇದೆ. ನಮ್ಮ ಬಸ್ಸಿನ ಚಕ್ರ ಐದು ಪೈಸೆಯಗಲದ ರಟ್ಟಿನ ಬಿಲ್ಲೆ. ಮೂರು ವರ್ಷದೊಳಗಿನ ಮಗುವಿನ ಕೈಗೆ ಕೊಡಬೇಡಿ, ನುಂಗಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬ ಎಚ್ಚರಿಕೆ ಡಬ್ಬಿಯ ಮೇಲಿದೆ. ಇಂಗ್ಲಿಷಿನಲ್ಲಿ! ಮೂರು ವರ್ಷದ ಮಗುವಿಗೆ ಓದಲು ಬಾರದು, ಅದಕ್ಕೆ ಆ ಎಚ್ಚರಿಕೆ ತಾಯಿಗೆ. ಗಾರ್ಮೆಂಟ್ಸಿಗೆ ಹೋಗುವ ತಾಯಿಗೆ, ಹೊಲಕ್ಕೆ ಹೋಗುವ ಅಜ್ಜಿಗೆ. ಅವರಿಗೆ ತಿಳಿಯದ ಭಾಷೆಯಲ್ಲಿ ಎಚ್ಚರಿಕೆ ಬರೆದವನು ಮಗುವನ್ನು ಕಾಪಾಡುತ್ತಿಲ್ಲ. ನಾಳೆ ಕೋರ್ಟಿನಲ್ಲಿ ತನ್ನನ್ನು ಕಾಪಾಡಿಕೊಳ್ಳುತ್ತಿದ್ದಾನೆ.

ನಮ್ಮ ಮನೆಯ ಕಸ

ಬರೀ ಅವರನ್ನು ಬೈದರೆ ನಾನು ಅರ್ಧ ಸುಳ್ಳುಗಾರ. ಆ ನಲವತ್ತು ಸಾವಿರ ಡಬ್ಬಿಯನ್ನು ನಾನು ಹಾಗೇ ಅಚ್ಚು ಹಾಕಿದೆ. ಕನ್ನಡ ಇಲ್ಲದೆ. ಐದು ಜನ ಕೆಲಸದವರ ಸಂಬಳ ಇತ್ತು, ರಟ್ಟಿನ ವ್ಯಾಪಾರಿಯ ಬಾಕಿ ಇತ್ತು. ನಾನು ಬೇಡ ಅಂದಿದ್ದರೆ ಶಿವಕಾಶಿಯವರು ಅಚ್ಚು ಹಾಕುತ್ತಿದ್ದರು. ಇದು ಸಮರ್ಥನೆ ಅಲ್ಲ, ನಡೆದದ್ದು ಹೇಳುತ್ತಿದ್ದೇನೆ.

ಕನ್ನಡಿಗರೇ ನಡೆಸುವ ಮಿಠಾಯಿ ಕಂಪನಿಗಳು ಕಡಿಮೆ ಏನಿಲ್ಲ. ನನ್ನ ಬಳಿ ಬರುವವರಲ್ಲಿ ಅರ್ಧ ಜನ ನಮ್ಮವರೇ. ರಾಜ್ಯೋತ್ಸವಕ್ಕೆ ಚಂದಾ ಕೊಡುತ್ತಾರೆ, ಹಳದಿ ಕೆಂಪು ಶಾಲು ಹೊದೆಯುತ್ತಾರೆ, ಡಬ್ಬಿಯ ಮೇಲೆ ಮಾತ್ರ ಇಂಗ್ಲಿಷ್ ಇರಲಿ ಅನ್ನುತ್ತಾರೆ.

ಇನ್ನು ಹಾಕುವ ಕನ್ನಡವಾದರೂ ಎಂಥದ್ದು! ಒತ್ತಾಯಕ್ಕೆ ಮಣಿದು ಒಬ್ಬರು ಕನ್ನಡ ಕಳಿಸಿದರು. 'ಪದರ ಇಲ್ಲಿ. ಟ್ಯಾಬ್ ಎ ಅನ್ನು ಸ್ಲಾಟ್ ಬಿ ಗೆ ಅಳವಡಿಸತಕ್ಕದ್ದು.' ಕಂಪ್ಯೂಟರಿಗೆ ಇಂಗ್ಲಿಷ್ ತಿನ್ನಿಸಿ ಕಕ್ಕಿಸಿದ ಕನ್ನಡ. ಇದನ್ನು ಓದಿದ ಮಗು ಕನ್ನಡವೇ ಬೇಡ ಅನ್ನದೆ ಇನ್ನೇನು ಮಾಡೀತು? ನಮ್ಮಲ್ಲಿ ಪದಕ್ಕೆ ಬರಗಾಲವೇ? ಮಡಚು, ಸುತ್ತು, ತಿರುಚು, ಗೀರು, ಸೀಳು, ಪೋಣಿಸು, ತೂರಿಸು, ಸಿಕ್ಕಿಸು, ಜೋಡಿಸು. ಮಕ್ಕಳ ಕೈಗೆ ಹೊಂದುವ ಪದ ಕನ್ನಡದಲ್ಲಿ ಇರುವಷ್ಟು ಎಲ್ಲಿ ಇದೆಯೋ ನಾ ಕಾಣೆ. ನಮ್ಮ ಡಿಸೈನರುಗಳದ್ದು ಇನ್ನೊಂದು ಪಾಪ. ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಯ ಆಯ್ಕೆ ಆನ್ ಮಾಡದೆ ಯೂನಿಕೋಡ್ ಅಕ್ಷರ ಸುರಿಯುತ್ತಾರೆ. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ಬಿದ್ದು ಒದ್ದಾಡುತ್ತದೆ. ಪ್ರೂಫ್ ನೋಡುವವನಿಗೆ ಕನ್ನಡ ಬಾರದು, ಹಾಗೇ ಸಹಿ ಹಾಕುತ್ತಾನೆ. ಅಪ್ಪನ ಕಾಲದ ಮೊಳೆ ಜೋಡಿಸುವವನಿಗೆ ಒತ್ತು ಎಲ್ಲಿ ಕೂರುತ್ತದೆ ಅಂತ ಬೆರಳಿಗೇ ಗೊತ್ತಿರುತ್ತಿತ್ತು.

ಕಾಲ ನಮ್ಮ ಕಡೆ ತಿರುಗಿದೆ ಅನ್ನುವುದನ್ನೂ ಹೇಳಬೇಕು. 2022ರ ಜುಲೈ 1ರಿಂದ ಕ್ಯಾಂಡಿಯ ಪ್ಲಾಸ್ಟಿಕ್ ಕಡ್ಡಿ, ಸಿಹಿತಿಂಡಿ ಡಬ್ಬಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ದೇಶದಲ್ಲೆಲ್ಲ ನಿಷೇಧವಾಯಿತು. ಕಾಗದ, ರಟ್ಟು ವಾಪಸು ಬರುತ್ತಿದೆ. ರಟ್ಟು ಬಂದರೆ ಮಡಚುವ ಆಟಿಕೆ ಬರುತ್ತದೆ. ಬಸ್ಸು ಮಾತ್ರ ಯಾಕೆ? ಯಕ್ಷಗಾನದ ಕಿರೀಟ ಬರಲಿ, ಚನ್ನಪಟ್ಟಣದ ಬೊಂಬೆಯ ರೂಪ ಬರಲಿ, ಜೋಡೆತ್ತಿನ ಗಾಡಿ ಬರಲಿ. ರಟ್ಟಿನ ಒಳಮೈ ಪೂರ್ತಿ ಖಾಲಿ ಬಿದ್ದಿದೆ. ಪೆಪ್ಪರಮೆಂಟಿಗೆ ಒಂದೊಂದಕ್ಕೂ ಬೇರೆ ಸುತ್ತುಕಾಗದ ಇದ್ದು, ತಿನಿಸಿನ ಪೊಟ್ಟಣಕ್ಕೆ ಹೇಳಿದ ಶಾಯಿ ಬಳಸಿದರೆ ಒಳಗೂ ಅಚ್ಚು ಹಾಕಬಹುದು. ಅದಕ್ಕೆ ಮಷಿನ್ನಿಗೆ ಇನ್ನೊಂದು ಸಲ ಕೊಡಬೇಕು, ಖರ್ಚು ಇದೆ, ಸುಳ್ಳು ಹೇಳುವುದಿಲ್ಲ. ಹೊರಗಿನ ತಳಭಾಗಕ್ಕೆ ಅದೂ ಬೇಡ.

ತರುಣರೇ, ಕಲ್ಲು ತೂರಬೇಡಿ, ಅಂಗಡಿಯವನ ಮೇಲೆ ರೇಗಬೇಡಿ. ಅವನು ನಮ್ಮಂಥವನೇ, ಬಂದದ್ದು ಮಾರುತ್ತಾನೆ. ಪ್ರತಿ ಪೊಟ್ಟಣದ ಮೇಲೂ ಗಿರಾಕಿಗಳ ದೂರಿಗೆ ಫೋನ್ ನಂಬರು, ವಿಳಾಸ ಇರಲೇಬೇಕು ಅನ್ನುವುದು ನಿಯಮ. ನಿಮ್ಮ ತಮ್ಮನಿಗೋ ಅಕ್ಕನ ಮಗಳಿಗೋ ತಂದ ಡಬ್ಬಿ ತಿರುಗಿಸಿ ನೋಡಿ. ಆ ನಂಬರಿಗೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಿ. ಕನ್ನಡ ಬಲ್ಲವರು ಬರುವ ತನಕ ಫೋನ್ ಇಡಬೇಡಿ. ಡಬ್ಬಿಯ ಫೋಟೋ ಜೊತೆಗೆ ಪತ್ರ ಬರೆಯಿರಿ: ಈ ಆಟಿಕೆ ಮಡಚುವುದು ಹೇಗೆ ಅಂತ ನನ್ನ ತಂಗಿಗೆ ತಿಳಿಯಲಿಲ್ಲ. ಅಷ್ಟು ಸಾಕು. ಒಂದು ಊರಿನಿಂದ ಐವತ್ತು ಪತ್ರ ಹೋದರೆ ಮಾರ್ಕೆಟಿಂಗ್ ಹುಡುಗನ ಟಾರ್ಗೆಟ್ ತಾನಾಗಿ ಬದಲಾಗುತ್ತದೆ. ಡಬ್ಬಿ ಕರ್ನಾಟಕದಲ್ಲೇ ತಯಾರಾಗಿದ್ದರೆ ಅದೇ ಪತ್ರದ ಒಂದು ಪ್ರತಿ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಹೋಗಲಿ.

ಆ ಕಂಪನಿಯಿಂದ ಎರಡನೇ ಆರ್ಡರು ಬಂದಿದೆ. ಈ ಸಲ ಅರವತ್ತು ಸಾವಿರ. ನಾನು ಕೇಳಲು ಹೋಗಲಿಲ್ಲ. ನಕ್ಷತ್ರವನ್ನು ಮೂಲೆಗೆ ಸರಿಸಿ, ತಳಭಾಗದಲ್ಲಿ ಆ ಆರು ಸಾಲು, ಅದರ ಕೆಳಗೆ ತಾಯಂದಿರಿಗೆ ಎಚ್ಚರಿಕೆ, ಬಸ್ಸಿನ ಹಣೆಗೆ 'ನಗರ ಸಾರಿಗೆ' ಅಂತ ಕನ್ನಡದಲ್ಲಿ ಹಾಕಿ ಪ್ರೂಫ್ ಕಳಿಸಿದ್ದೇನೆ. ಪ್ಲೇಟಿನ ದುಡ್ಡು ಬೇಡ ಅಂತ ಬಿಲ್ಲಿನಲ್ಲಿ ಬರೆದಿದ್ದೇನೆ. ಕಳಿಸಿ ಹನ್ನೊಂದು ದಿನವಾಯಿತು. ಸಹಿ ಇನ್ನೂ ಬಂದಿಲ್ಲ. ರಟ್ಟು ಕತ್ತರಿಸಿ ಇಟ್ಟಿದ್ದೇನೆ.